ಮುಳುಗಿದವನ ಫಟಫಟಿಯ ಅಚ್ಚು

ನಾನು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಒಂದು ವರ್ಷವಾಯಿತು. ಐವತ್ತೆರಡು ನಿವೃತ್ತಿಯ ವಯಸ್ಸಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬೆರಳು ನಡುಗುತ್ತದೆ, ಸಣ್ಣ ನಟ್ಟು ಹಿಡಿಯಲಿಕ್ಕಾಗುವುದಿಲ್ಲ ಎಂದು ನಾನು ಹೇಳುತ್ತೇನೆ. "ಬೆರಳು ಈಗ ನಡುಗೂದು. ನೀವು ಮದ್ವೆಯಾದಾಗಿಂದ ನಡುಗ್ತಾನೇ ಇದ್ರಿ" ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತು ಸುಳ್ಳಲ್ಲ. ಬಿಗಿದ ನಟ್ಟನ್ನು ಮೂರು ಸಲ ಮುಟ್ಟಿ ನೋಡಿ, ಮನೆಗೆ ಬಂದು ಎಲೆಯ ಮುಂದೆ ಕೂತವನು, ನಾಲ್ಕನೆಯ ಸಲ ಮುಟ್ಟಿ ನೋಡಲು ಎದ್ದು ಹೋದದ್ದುಂಟು. ಬಡಿಸಿದ ಅನ್ನ ಅಲ್ಲೇ ಆರಿದ್ದುಂಟು.

ಈಗ ಗ್ಯಾರೇಜು ಹಾಕುವ ತರುಣರು ಹಳೆಯ ಫಟಫಟಿ, ಆ ಕಾಲದ ಮೋಟಾರ್ ಸೈಕಲ್ಲು, ಕೈಗೆ ಬಂದರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಒರಿಜಿನಲ್ ಸಾಮಾನು ಹಾಕಬೇಕೋ, ಡೂಪ್ಲಿಕೇಟ್ ನಡೆಯುತ್ತದೋ? ಅವರಿಗೆ ಒಂದೇ ಮಾತಿನ ಉತ್ತರ ಬೇಕು. ಆ ಉತ್ತರ ನನಗೆ ಸರಿಯಾದ ಹೊತ್ತಿಗೆ ಹೊಳೆದಿದ್ದರೆ ಒಬ್ಬರ ಬಲಗೈ ಉಳಿಯುತ್ತಿತ್ತು. ಅದನ್ನು ನಿಂತುಕೊಂಡು ಹೇಳಲಿಕ್ಕೆ ಆಗುವುದಿಲ್ಲವೆಂದು ಕೂತು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಭಟ್ಕಳದಲ್ಲಿ, ಹಸನ್ ಉಸ್ತಾದರ ಹತ್ತಿರ. ಅವರ ಮನೆಮಾತು ನವಾಯತಿ, ಗಿರಾಕಿಗೆ ಕನ್ನಡ, ಬೈಯಲಿಕ್ಕೆ ಉರ್ದು. ಹಾಗಾಗಿ ನನಗೆ ಎಲ್ಲಕ್ಕಿಂತ ಮೊದಲು ಚೆನ್ನಾಗಿ ಬಂದದ್ದು ಉರ್ದು. ನನ್ನ ಅಪ್ಪ ಹೊನ್ನಾವರದ ಹೊಳೆಬದಿಯಲ್ಲಿ ದೋಣಿ ಕಟ್ಟುವವನು. ಅದು ಉಸ್ತಾದರಿಗೆ ಮುಗಿಯದ ತಮಾಷೆಯ ವಿಷಯ. "ನೋಡಿಕೊಳ್ಳಿ ಸಾಹೇಬ್ರೆ, ಇವ ದೋಣಿ ಆಚಾರಿ ಮಗ. ನಿಮ್ಮ ಗಾಡಿಗೆ ಹುಟ್ಟು ಕಟ್ಟಿ ಕೊಡ್ತಾನೆ" ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು.

ಅವರು ಹಾಗೆ ಹೇಳಲು ನಾನೇ ಕಾರಣ ಒದಗಿಸಿದ್ದೆ. ಕಡಲ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಹೊಸ ಬಣ್ಣದ ಅಡಿಯಿಂದಲೇ ತುಕ್ಕು ಏಳುತ್ತದೆ. ದೋಣಿಗೆ ಮೀನೆಣ್ಣೆ ಬಳಿಯುವುದನ್ನು ನೋಡುತ್ತ ಬೆಳೆದ ನಾನು, ಕುಮಟೆಯ ಜವಳಿ ವ್ಯಾಪಾರಿಯೊಬ್ಬರ ಗಾಡಿಯ ಮಡ್ಗಾರ್ಡಿನ ಒಳಮೈಗೆ, ಚೈನಿಗೆ, ಸೀಟಿನ ಸ್ಪ್ರಿಂಗಿಗೆ ಧಾರಾಳವಾಗಿ ಮೀನೆಣ್ಣೆ ಬಳಿದೆ. ಉಸ್ತಾದರಿಗೆ ಹೇಳಲಿಲ್ಲ, ಶಹಭಾಸ್ ಅನ್ನಿಸಿಕೊಳ್ಳುವ ಆಸೆ. ವ್ಯಾಪಾರಿಗಳು ಮೀನು ಮುಟ್ಟದ ಮನೆತನದವರು. ಎಂಟು ದಿನ ಬಿಟ್ಟು ಗಾಡಿಯನ್ನು ನೂಕಿಕೊಂಡೇ ಬಂದರು. "ಎಂತ ಮಾಡಿದ್ಯಾ ಮಾರಾಯ? ಬೀಗರ ಮನೆ ಮುಂದೆ ನಿಲ್ಸಿದ್ರೆ ಕೇರಿ ಬೆಕ್ಕೆಲ್ಲ ಬಂದು ಸೀಟು ನೆಕ್ತದ್ಯಲ್ಲ!" ಉಸ್ತಾದರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈಗೆ ಸೀಮೆಎಣ್ಣೆ ಡಬ್ಬಿ ಕೊಟ್ಟು ಮೂರು ದಿನ ತೊಳೆಸಿದರು.

ಆದರೆ ಮೂರನೆಯ ದಿನ ಅವರು ಹೇಳಿದ ಮಾತನ್ನು ನಾನು ಆಗ ಕೇಳಿಸಿಕೊಳ್ಳಲಿಲ್ಲ. "ಬಾಪ್ ಹೇಳಿದ್ದು ದೋಣಿಗೆ ಸರಿ ಸುಬ್ರಾಯ. ಇದು ದೋಣಿ ಅಲ್ಲ."

ಆ ಕಾಲದಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಗಾಡಿಗಳು ಬಹುತೇಕ ಯುದ್ಧಕಾಲದ ವಿಲಾಯತಿ ಮಾಲು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ನಾಲ್ಕಾರು ಕೈ ಬದಲಾಗಿ ನಮ್ಮ ಕಡಲ ದಂಡೆಗೆ ಬಂದು ನಿಂತಂಥವು. ಹೊರದೇಶದ ಸಾಮಾನು ಬರುವುದು ನಿಂತೇ ಹೋಗಿತ್ತು. ಬೊಂಬಾಯಿಗೆ ಬರೆದರೆ ಒರಿಜಿನಲ್ಲಿಗಿಂತ ಹೆಚ್ಚು ಹೊಳೆಯುವ ಡೂಪ್ಲಿಕೇಟು ಹುಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಇಲ್ಲವಾದರೆ ನಾವೇ ಮಾಡಿಕೊಳ್ಳಬೇಕು. ಕ್ಯಾಲೆಂಡರಿನ ದಪ್ಪ ಕಾಗದದಿಂದ ಗ್ಯಾಸ್ಕೆಟ್ ಕತ್ತರಿಸುತ್ತಿದ್ದೆವು. ಲಾರಿ ಟಯರಿನಿಂದ ರಬ್ಬರು ಬುಶ್ ಕೊರೆಯುತ್ತಿದ್ದೆವು. ಅಳತೆ ಇಂಚು, ಅದರ ಎಂಟನೇ ಒಂದು ಪಾಲು ಸೂತು. ನಡುವೆ ಮಿಲಿಮೀಟರು ಬಂತು. ಹಳೆಯ ಅಳತೆ ಬಾಯಲ್ಲಿ, ಹೊಸ ಅಳತೆ ಪಟ್ಟಿಯಲ್ಲಿ; ಎರಡರ ಮಧ್ಯೆ ಸಿಕ್ಕಿ ನಾನು ಕೊರೆಸಿದ ಬುಶ್ಶೊಂದು ಶಾಫ್ಟಿನ ಮೇಲೆ ಅಜ್ಜನ ಕೈಬೆರಳಿನ ಉಂಗುರದ ಹಾಗೆ ತಿರುಗುತ್ತಿತ್ತು.

ಉಸ್ತಾದರು ಡೂಪ್ಲಿಕೇಟಿನ ವೈರಿಯಲ್ಲ. ಅವರ ಪರೀಕ್ಷೆ ಸರಳ. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವುದು, ಅರ ಹಾಕಿ ಉಜ್ಜಿ ನೋಡುವುದು. "ಒರಿಜಿನಲ್ ಅಂದ್ರೆ ಡಬ್ಬಿ ಮೇಲೆ ಬರ್ದದ್ದಲ್ಲ. ಎಷ್ಟು ಪೆಟ್ಟು ತಿಂದದೆ, ಇನ್ನೂ ಮುರೀಲಿಲ್ಲ, ಅದು ಒರಿಜಿನಲ್" ಎನ್ನುತ್ತಿದ್ದರು.

ನನಗೆ ಮದುವೆಯಾದ ವರ್ಷ ಉಸ್ತಾದರು ಹೊನ್ನಾವರದಲ್ಲಿ, ತಾರಿಯ ಕಟ್ಟೆಯ ಹತ್ತಿರ, ಇನ್ನೊಂದು ಶೆಡ್ಡು ಹಾಕಿ ನನ್ನನ್ನು ಕೂರಿಸಿದರು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ತಾರಿಯ ಮೇಲೆಯೇ ಜೀಪು, ಕಾರು, ಫಟಫಟಿ ಎಲ್ಲ ದಾಟಬೇಕು. ಉಸ್ತಾದರು ಗುರುವಾರಕ್ಕೊಮ್ಮೆ ಭಟ್ಕಳದಿಂದ ಬಂದು ನೋಡಿ ಹೋಗುತ್ತಿದ್ದರು. ಉಳಿದ ಆರು ದಿನ ನಾನೇ ಧಣಿ, ನಾನೇ ಆಳು, ಹೆದರುವವನೂ ನಾನೇ.

ಅಲ್ಲಿಗೆ ಬಂದರು ಹೆಗಡೆ ಡಾಕ್ಟರು. ದನದ ಡಾಕ್ಟರು. ಅವರ ಫಟಫಟಿ ಎತ್ತಿನ ಗಾಡಿಯ ಮೇಲೆ ಮಲಗಿಕೊಂಡು ಬಂತು. ಯಾರದೋ ಉಪ್ಪಿನ ಕೊಟ್ಟಿಗೆಯಲ್ಲಿ ಆರು ಮಳೆಗಾಲ ನಿಂತದ್ದು. ಟ್ಯಾಂಕಿನ ತಳದ ತೂತಿನಿಂದ ಬೆಳಕು ಕಾಣುತ್ತಿತ್ತು.

"ಸುಬ್ರಾಯ, ಇದು ಎದ್ದು ನಿಲ್ತದನಾ?"

"ನಿಲ್ಸಬಹುದು ಡಾಕ್ಟ್ರೆ. ಓಡ್ತದೆ ಅಂತ ಹೇಳೂದೇ ಕಷ್ಟ."

"ನಂಗೆ ಓಡೂದೇ ಬೇಕಾದ್ದು ಮಾರಾಯ. ನಿಲ್ಲೂಕೆ ನಾನೊಬ್ಬ ಸಾಲ್ದನಾ?"

ಅವರ ಅವಸರಕ್ಕೆ ಕಾರಣವಿತ್ತು. ಸೈಕಲ್ಲು, ಬಸ್ಸು, ತಾರಿ ಎಂದು ಹಳ್ಳಿ ಮುಟ್ಟುವಷ್ಟರಲ್ಲಿ ಕರು ಅಡ್ಡ ಸಿಕ್ಕಿದ ಹಸು ಸತ್ತಿರುತ್ತಿತ್ತು. ಇಡಗುಂಜಿ ಕಡೆಯ ರೈತನೊಬ್ಬ ಜನರೆದುರೇ ಹೇಳಿದ್ದನಂತೆ: "ನಮ್ಮ ಡಾಕ್ಟ್ರು ಬರೂದು ಹೊಂಡ ತೋಡಿ ಆದ್ಮೇಲೆ." ಆ ಮಾತು ಅವರನ್ನು ಚುಚ್ಚಿತ್ತು. ತೆಳ್ಳಗೆ, ಉದ್ದಕ್ಕೆ ಇದ್ದ ಅವರ ಬಲಗೈಯ ಬಗ್ಗೆ ಹಳ್ಳಿಗಳಲ್ಲಿ ಬೇರೆಯೇ ಮಾತಿತ್ತು. ಹೊತ್ತಿಗೆ ಮುಟ್ಟಿದರೆ ಸಾಕು, ಆ ಕೈ ಭುಜದವರೆಗೆ ಒಳಗೆ ಹೋಗಿ ಕರುವನ್ನು ತಿರುಗಿಸಿ ತರುತ್ತದೆ ಎನ್ನುತ್ತಿದ್ದರು.

ಎಂಟು ತಿಂಗಳು ಹಿಡಿಯಿತು. ಡಾಕ್ಟರು ಭಾನುವಾರ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರ ಹತ್ತಿರ ಆ ಗಾಡಿಯದೇ ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಒಂದೊಂದು ಸಾಮಾನಿನ ಚಿತ್ರ, ನಂಬರು. ಒರಿಜಿನಲ್ ಸಿಕ್ಕಿದ್ದಕ್ಕೆ ಪೆನ್ಸಿಲಿನಿಂದ ಸರಿ ಗುರುತು, ಡೂಪ್ಲಿಕೇಟಿಗೆ ಸೊನ್ನೆ. ಸೊನ್ನೆ ಹಾಕುವಾಗ ಅವರ ಮುಖ ಜ್ವರದ ದನ ನೋಡಿದ ಹಾಗೆ ಆಗುತ್ತಿತ್ತು. ಎಂಜಿನು, ಗೇರು, ಚೌಕಟ್ಟು ಸರಿ. ಪಿಸ್ಟನ್ ಬೊಂಬಾಯಿಯ ಸೊನ್ನೆ. ಟ್ಯಾಂಕಿಗೆ ತೇಪೆ, ಅದಕ್ಕೆ ಸರಿಯೋ ಸೊನ್ನೆಯೋ ಎಂದು ಅರ್ಧ ದಿನ ಚರ್ಚೆ. ಕೊನೆಗೆ ಅರ್ಧ ಸೊನ್ನೆ ಹಾಕಿದರು.

ಎಲ್ಲ ಮುಗಿದು ಉಳಿದದ್ದು ಮುಂದಿನ ಚಕ್ರದ ಅಚ್ಚು. ಚಕ್ರದ ನಡುವೆ ತೂರಿ ಅದನ್ನು ಗಾಡಿಗೆ ಹಿಡಿದಿಡುವ ಗೇಣುದ್ದದ ಸರಳು. ಡಾಕ್ಟರ ಗಾಡಿಯದನ್ನು ಉಪ್ಪು ತಿಂದು ಹಾಕಿತ್ತು.

ಒರಿಜಿನಲ್ ಅಚ್ಚು ನಮ್ಮ ಶೆಡ್ಡಿನ ಹಿಂದೆಯೇ ಇತ್ತು. ಹಿಂದಿನ ವರ್ಷ ಘಟ್ಟದ ಮೇಲಿನ ಸರ್ವೆಯವರೊಬ್ಬರು ಅಂಥದೇ ಗಾಡಿಯನ್ನು ತಾರಿಯ ಮೇಲೆ ಹತ್ತಿಸುವಾಗ, ಒದ್ದೆ ಹಲಗೆಯ ಮೇಲೆ ಚಕ್ರ ಜಾರಿ, ಗಾಡಿ ಸಮೇತ ಹೊಳೆಗೆ ಬಿದ್ದಿದ್ದರು. ಹೆಗಲ ಚೀಲದ ಪಟ್ಟಿ ಹ್ಯಾಂಡಲಿಗೆ ಸಿಕ್ಕಿತ್ತು. ಮೇಲೆ ಬರಲೇ ಇಲ್ಲ. ಮರುದಿನ ಆಳನ್ನೂ ಗಾಡಿಯನ್ನೂ ಒಟ್ಟಿಗೆ ಎತ್ತಿದರು. ಪಂಚನಾಮೆ ಮುಗಿದ ಮೇಲೆ ಬಂದ ಅವರ ತಮ್ಮ, ಗಾಡಿಯತ್ತ ಕಣ್ಣೆತ್ತಿಯೂ ನೋಡದೆ, "ಎಲ್ಲಾದರೂ ಹಾಕಿ" ಎಂದು ಹೇಳಿ ಹೋದ. ಉಸ್ತಾದರು ಅದನ್ನು ಸಾಮಾನಿಗೆಂದು ಇಟ್ಟುಕೊಂಡರು. ಎಂಟು ತಿಂಗಳು ನಾನು ಆ ಗಾಡಿಯಿಂದ ಒಂದು ವಾಶರೂ ಬಿಚ್ಚದೆ ನೆಪ ಹೇಳಿಕೊಂಡು ಬಂದಿದ್ದೆ.

ಏಕೆಂದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಹೊಳೆ ಆಳನ್ನು ಬಲಿ ತಕ್ಕೊಂಡ ದೋಣಿಯ ಹಲಗೆಯನ್ನು ಇನ್ನೊಂದು ದೋಣಿಗೆ ಹಾಕಬಾರದು. ಒಲೆಗೂ ಹಾಕುತ್ತಿರಲಿಲ್ಲ. ಮರಳ ಮೇಲೆ ಅದರ ಪಾಡಿಗೆ ಕೊಳೆಯಬೇಕು. "ಹೊಳೆಗೆ ಒಂದ್ಸಲ ರುಚಿ ಸಿಕ್ಕಿದ ಮರ ಅದು. ಮತ್ತೆ ಹುಡ್ಕಂಡು ಬತ್ತದೆ" ಎನ್ನುತ್ತಿದ್ದ ಅಪ್ಪ. ಇದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಎಂದೂ ಆಳು ಕಳೆದುಕೊಳ್ಳದೆ ಹಳತಾದ ದೋಣಿಯ ಕಬ್ಬಿಣವನ್ನು ತೆಗೆದು ಹೊಸದಕ್ಕೆ ಹಾಕುತ್ತಿದ್ದರು. ಅಜ್ಜ ಕಟ್ಟಿದ ದೋಣಿಯ ಚುಕ್ಕಾಣಿಯ ಸರಳು ಹಾಗೆ ನಮ್ಮ ಮನೆಯ ಅಟ್ಟದಲ್ಲಿತ್ತು.

ಗುರುವಾರ ಉಸ್ತಾದರು ಹೇಳಿದರು: "ಹಿಂದೆ ಇರೂದ್ರ ಅಚ್ಚು ಹಾಕು. ಮುಗೀತು."

"ಅದಕ್ಕೆ ಉಪ್ಪುನೀರು ಹಿಡಿದು ಗುಳಿ ಬಿದ್ದದೆ ಉಸ್ತಾದ್."

ಬಿದ್ದಿರಲಿಲ್ಲ. ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಗ್ರೀಸಿನೊಳಗೆ ಮಲಗಿದ್ದ ಅಚ್ಚು ಆಗಷ್ಟೇ ಮಾಡಿದ ಹಾಗೆ ಮಿಂಚುತ್ತಿತ್ತು. ಕಲ್ಲಿನ ಮೇಲೆ ಬೀಳಿಸಿದರೆ ಗಂಟೆಯ ಸದ್ದು. ನನಗೆ ಆ ಸದ್ದಿಗೇ ಹೆದರಿಕೆಯಾಯಿತು. ಎಣ್ಣೆಬಟ್ಟೆಯಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಮೂಲೆಗೆ ತಳ್ಳಿದೆ. ಅಟ್ಟದ ಸರಳನ್ನು ತೆಗೆದುಕೊಂಡು ಕುಮಟೆಗೆ ಹೋದೆ.

ಕುಮಟೆಯಲ್ಲಿ ಲೇತು ಹೊಡೆಯುತ್ತಿದ್ದವನು ಪೆದ್ರು. ನನಗಿಂತ ಹತ್ತು ವರ್ಷ ದೊಡ್ಡವನು, ಒಳ್ಳೆಯ ಕೈ. ಸರಳಿಗೆ ಅರ ಹಾಕಿ ನೋಡಿದ. ಬಾಳೆದಿಂಡಿಗೆ ಹಾಕಿದ ಹಾಗೆ ಇಳಿಯಿತು.

"ಎಂತಕ್ಕೆ ಇದು?"

"ಚಕ್ರದ ಅಚ್ಚಿಗೆ ಪೆದ್ರಣ್ಣ."

"ಹುಚ್ಚನಾ ನೀನು? ಇದು ಮೆತ್ತಗಿನ ಕಬ್ಬಿಣ. ಒಳಗೆ ಉಪ್ಪು ಎಲ್ಲೆಲ್ಲಿ ಹೊಕ್ಕದೆ ದೇವರಿಗೇ ಗೊತ್ತು. ಉಕ್ಕು ಕೊಡ್ತೆ ತಕ್ಕಂಡು ಹೋಗು."

"ಇದರಲ್ಲೇ ಮಾಡು. ಈ ಕಬ್ಬಿಣ ನಲವತ್ತು ವರ್ಷ ಕಡಲಿಗೆ ಹೋಗಿ ಬಂದದೆ. ಒಬ್ಬನೂ ಸಾಯ್ಲಿಲ್ಲ."

ಪೆದ್ರು ನನ್ನ ಮುಖವನ್ನೇ ನೋಡಿದ. "ಚುಕ್ಕಾಣಿ ಮುರಿದ್ರೆ ಈಜಬಹುದು ಸುಬ್ರಾಯ" ಎಂದ. ಆದರೂ ಮಾಡಿಕೊಟ್ಟ. ಅವನ ಹತ್ತಿರ ಅಂಕಿ ಒತ್ತುವ ಪಂಚುಗಳಿದ್ದವು. ಅವನ್ನೂ ಎರವಲು ತಂದೆ. ಡಾಕ್ಟರ ಪುಸ್ತಕದಲ್ಲಿದ್ದ ನಂಬರನ್ನು ಅಚ್ಚಿನ ತಲೆಯ ಮೇಲೆ ಒಂದೊಂದೇ ಪೆಟ್ಟು ಹಾಕಿ ಒತ್ತಿದೆ. ಕೊನೆಯ ಏಳು ಸ್ವಲ್ಪ ಓರೆಯಾಯಿತು.

ಡಾಕ್ಟರಿಗೆ ನಿಜ ಹೇಳಬಹುದಿತ್ತು. ಓದಿದವರ ಮುಂದೆ ಅಪ್ಪನ ಮಾತು ಹೇಳಿದರೆ ನಗುತ್ತಾರೆ ಎಂಬ ನಾಚಿಕೆ. ನಕ್ಕು, ಅದೇ ಹಾಕು ಎನ್ನುತ್ತಾರೆ ಎಂಬ ಭಯ. ಭಾನುವಾರ ಅವರು, ಚಕ್ರಕ್ಕೆ ತೂರಿಸಿಟ್ಟಿದ್ದ ಅಚ್ಚಿನ ತಲೆಯ ನಂಬರು ಓದಿ, ಪುಸ್ತಕ ನೋಡಿ, ಪೆನ್ಸಿಲಿನಿಂದ ದೊಡ್ಡ ಸರಿ ಗುರುತು ಹಾಕಿದರು. "ಎಲ್ಲಿ ಸಿಕ್ತಾ ಮಾರಾಯ?" ಎಂದರು. "ಸಿಕ್ತು" ಎಂದೆ.

ಮೊದಲು ಅವರು ಗಾಡಿಯನ್ನು ಇಡಗುಂಜಿಯ ದೇವಸ್ಥಾನಕ್ಕೆ ಒಯ್ದು ಕಾಯಿ ಒಡೆಸಿದರು. ನನಗೆ ಸ್ವಲ್ಪ ಧೈರ್ಯ ಬಂತು. ಮೂರು ತಿಂಗಳು ಗಾಡಿ ಓಡಿತು. ಇಪ್ಪತ್ತಕ್ಕೂ ಹೆಚ್ಚು ಹಸು ಉಳಿದವು ಎಂದು ಅವರೇ ಹೇಳಿದರು. ಹೊಂಡದ ಮಾತು ಆಡಿದ್ದ ರೈತ ಮಡಕೆ ತುಂಬ ಗಿಣ್ಣು ಕೊಟ್ಟು ಕಳಿಸಿದ್ದನಂತೆ.

ಒಂದು ದಿನ ಬಂದು, "ಸುಬ್ರಾಯ, ಮುಂದೆ ಎಂತದೋ ಅಲ್ಲಾಡಿದಂಗೆ ಆಗ್ತದೆ. ನೋಡು" ಎಂದು ಸ್ಟೂಲು ಎಳೆದುಕೊಂಡು ಕೂತರು. ಚಕ್ರ ಹಿಡಿದು ಅಲ್ಲಾಡಿಸಿದೆ. ಸಡಿಲಾಗಿ ಆಡುತ್ತಿತ್ತು. ಅಚ್ಚು ಹೊರಗೆಳೆದು ನೋಡಬೇಕು, ಅದು ಈ ಕೆಲಸದ ಮೊದಲ ಪಾಠ. ಎಳೆದರೆ ಲೇತಿನ ಹೊಸ ಗೆರೆಗಳು ಅವರ ಕಣ್ಣೆದುರೇ ಕಾಣುತ್ತವೆ. ನಾನು ನಟ್ಟನ್ನು ಇನ್ನರ್ಧ ಸುತ್ತು ಬಿಗಿದೆ.

"ಆತನಾ?"

"ಆತು ಡಾಕ್ಟ್ರೆ."

ಮೂರು ಸಲ ಮುಟ್ಟಿ ನೋಡುವವನು ಅಂದು ಒಂದು ಸಲವೂ ಸರಿಯಾಗಿ ನೋಡಲಿಲ್ಲ. ನನ್ನ ಹೆದರಿಕೆಯ ಬಗ್ಗೆ ನಾನು ಏನೇ ಹೇಳಿಕೊಂಡರೂ ಈ ಮಾತನ್ನು ಅದರ ಪಕ್ಕದಲ್ಲಿ ಇಡಬೇಕು.

ಐದನೆಯ ದಿನ, ಕುಮಟೆ ದಾರಿಯ ಇಳಿಜಾರಿನಲ್ಲಿ, ಹಟ್ಟಿಯೊಂದರಿಂದ ಕರೆ ಬಂದು ಓಡುತ್ತಿದ್ದಾಗ ಅಚ್ಚು ಎರಡು ತುಂಡಾಯಿತು. ಮುಂದಿನ ಚಕ್ರ ಕಳಚಿ ಗದ್ದೆಗೆ ಹೋಯಿತು. ಡಾಕ್ಟರು ರಸ್ತೆಬದಿಯ ಕಲ್ಲಿನ ಮೇಲೆ ಬಲಗೈ ಮೊದಲಾಗಿ ಬಿದ್ದರು. ಲಾರಿಯಲ್ಲಿ ಕುಮಟೆಯ ಆಸ್ಪತ್ರೆಗೆ ಹಾಕಿದರು. ಕಾದಿದ್ದ ಹಟ್ಟಿಯಲ್ಲಿ ಹಸುವೂ ಉಳಿಯಲಿಲ್ಲ, ಕರುವೂ.

ಗಾಡಿಯನ್ನು ನಮ್ಮ ಶೆಡ್ಡಿಗೇ ತಂದರು. ಗುರುವಾರವಲ್ಲದಿದ್ದರೂ ಉಸ್ತಾದರು ಬಂದರು. ತುಂಡುಗಳನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಯ್ದರು. ಮುರಿದ ಬಾಯಿಯಲ್ಲಿ ಅರ್ಧ ಭಾಗ ಹಳೆಯ ಕಪ್ಪು, ಅರ್ಧ ಹೊಸ ಬಿಳುಪು. ಮೊದಲೇ ಬಿರುಕು ಬಿಟ್ಟು ದಿನಗಳಾಗಿದ್ದವು. ಆಮೇಲೆ ತಲೆಯ ನಂಬರು ನೋಡಿದರು.

"ವಿಲಾಯತಿಯವ ಏಳು ಹಿಂಗೆ ಓರೆ ಹೊಡೀತಾನನಾ ಸುಬ್ರಾಯ?"

ತುಂಡುಗಳನ್ನು ನನ್ನ ಕೈಗಿಟ್ಟರು.

"ನಾನು ಹೇಳಿದ ಅಚ್ಚು ಎಲ್ಲಿ?"

ಬಿಸ್ಕೀಟಿನ ಡಬ್ಬಿ ತಂದೆ. ಎಣ್ಣೆಬಟ್ಟೆ ಬಿಚ್ಚಿದರು. ಅದು ಹಾಗೆಯೇ ಮಿಂಚುತ್ತಿತ್ತು. ಉರ್ದುವಿನಲ್ಲಿ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಬೈಯಲಿಲ್ಲ. ಕಾರಣ ಕೇಳಿದರು, ಹೇಳಿದೆ. ಅಚ್ಚನ್ನು ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತಿದರು.

"ನಂಗೆ ಹೇಳಿದ್ರೆ ನಗ್ತಿದ್ದೆ, ಸತ್ಯ. ನಕ್ಕು ಬೊಂಬಾಯಿಗೆ ಬರೀತಿದ್ದೆ. ಎರಡು ತಿಂಗಳು ತಡ ಆಗ್ತಿತ್ತು, ಅಷ್ಟೇ" ಎಂದರು. "ಎರಡೂ ಅಚ್ಚು ತಕ್ಕೊಂಡು ಆಸ್ಪತ್ರೆಗೆ ಹೋಗು. ಅವರು ಬೈದ್ರೆ ಬೈಸ್ಕೋ. ಬೈದೇ ಇದ್ರೆ ಅದು ಕಷ್ಟ, ಅದನ್ನೂ ತಿನ್ನು."

ಡಾಕ್ಟರು ಗೋಡೆಗೆ ಒರಗಿದ್ದರು. ಬಲಗೈ ಬೆರಳ ತುದಿಯವರೆಗೆ ಪಟ್ಟಿಯೊಳಗೆ. ಅವರ ಹೆಂಡತಿ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡು ಡಾಕ್ಟರೇ ಸಮಾಧಾನ ಹೇಳತೊಡಗಿದರು. "ಬಾ ಸುಬ್ರಾಯ. ನೀನು ಹೆದರೂದು ಬೇಡ. ಒರಿಜಿನಲ್ಲೂ ಮುರೀತದೆ. ಯುದ್ಧ ಕಂಡ ಕಬ್ಬಿಣ, ಅದಕ್ಕೂ ಸಾಕಾಗಿರ್ತದೆ."

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಬಾಗಿಲು ಎರಡೇ ಹೆಜ್ಜೆ. ನನ್ನ ಕಾಲು ಅತ್ತ ತಿರುಗಿದ್ದೂ ಹೌದು. ಆದರೆ ಕೈಯಲ್ಲಿದ್ದ ಡಬ್ಬಿಯನ್ನು ಅವರ ಹೆಂಡತಿ ನೋಡಿ, ಏನೋ ತಿಂಡಿ ತಂದಿದ್ದಾನೆಂದು ತೆಗೆದುಕೊಳ್ಳಲು ಕೈ ಚಾಚಿದರು. ಡಬ್ಬಿ ತೆರೆದು ಎರಡನ್ನೂ ಹಾಸಿಗೆಯ ಮೇಲಿಟ್ಟೆ. ಎಲ್ಲ ಹೇಳಿದೆ. ಅಪ್ಪನ ಕಟ್ಟಳೆ, ಪೆದ್ರುವಿನ ಮಾತು, ಓರೆ ಏಳು, ಮುರಿಯುವ ಐದು ದಿನ ಮೊದಲು ಬಿಗಿದ ಅರ್ಧ ಸುತ್ತು.

ಡಾಕ್ಟರು ಎಡಗೈಯಿಂದ ಮುರಿಯದ ಅಚ್ಚನ್ನು ಎತ್ತಿ ನೋಡಿದರು.

"ಆ ಮುಳುಗಿದವನ ಹೆಸರು ಎಂತ?"

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ನಾನು ಹೆದರಿದ ಮನುಷ್ಯನ ಹೆಸರು ಕೇಳಿಯೇ ಇರಲಿಲ್ಲ.

"ತಿಳ್ಕಂಡು ಬಾ" ಎಂದರು. ಆಮೇಲೆ, "ಗಾಡಿ ಕೂಡಿಸು. ಈ ಸಲ ಇದನ್ನೇ ಹಾಕು" ಎಂದು ಅಚ್ಚನ್ನು ಕೊಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರ ಹೆಂಡತಿ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: "ನೀವು ಇನ್ನು ಇಲ್ಲಿಗೆ ಬರೂದು ಬೇಡ."

ತಾರಿಯವರಿಗೆ ಹೆಸರು ನೆನಪಿತ್ತು. ದತ್ತಾತ್ರೇಯ ಎಂದು. ಇಬ್ಬರು ಮಕ್ಕಳಿದ್ದರಂತೆ. ಗಾಡಿ ಕೂಡಿಸಿದೆ. ಡಾಕ್ಟರ ಪುಸ್ತಕ ಶೆಡ್ಡಿನಲ್ಲೇ ಉಳಿದಿತ್ತು. ಅದರಲ್ಲಿ ಅಚ್ಚಿನ ಚಿತ್ರದ ಪಕ್ಕದ ಸರಿ ಗುರುತನ್ನು ಅಳಿಸಿ, 'ಒರಿಜಿನಲ್, ದತ್ತಾತ್ರೇಯ ಅವರ ಗಾಡಿಯದು' ಎಂದು ಬರೆದು ಉಸ್ತಾದರ ಕೈಯಲ್ಲಿ ಕಳಿಸಿದೆ. ಅಂದಿನಿಂದ ಶೆಡ್ಡಿನಲ್ಲಿ ನನ್ನ ರೂಢಿ ಬದಲಾಯಿತು. ಹಾಕುವ ಸಾಮಾನು ಎಲ್ಲಿಂದ ಬಂತು, ಯಾರು ಮಾಡಿದ್ದು, ಯಾವ ಕಬ್ಬಿಣ ಎಂದು ಚೀಟಿ ಬರೆದು, ಸಾಮಾನನ್ನು ಗಿರಾಕಿಯ ಕೈಗೆ ಕೊಟ್ಟು, ಅವನು ನೋಡಿದ ಮೇಲೆಯೇ ಜೋಡಿಸುತ್ತಿದ್ದೆ. ಕೆಲವರು ನಕ್ಕರು. ಕೆಲವರು ಬೇರೆ ಗ್ಯಾರೇಜಿಗೆ ಹೋದರು. ನೀವು ಹೊಸಬರು ಕೇಳುವ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ: ಗಿರಾಕಿಯ ಮುಂದೆ ಹೊರಗೆಳೆದು ತೋರಿಸಲು ಹಿಂಜರಿಯುವಂಥದ್ದನ್ನು ಒಳಗೆ ಹಾಕಬೇಡಿ.

ಡಾಕ್ಟರು ಆ ಗಾಡಿ ಮತ್ತೆ ಹತ್ತಲಿಲ್ಲ. ಮೊಣಕೈ ಮಡಚುತ್ತಿರಲಿಲ್ಲ, ಬೆರಳುಗಳಿಗೆ ಹಿಡಿತ ಬರಲಿಲ್ಲ. ಅವರನ್ನು ಕಾಗದ ಪತ್ರದ ಕೆಲಸಕ್ಕೆ ಹಾಕಿದರು. ಗಾಡಿಯನ್ನು ಭಟ್ಕಳದವರೊಬ್ಬರು ಕೊಂಡರು. ಅದೇ ತಾರಿಯ ಮೇಲೆ ಎಷ್ಟೋ ವರ್ಷ ಹೋಗಿ ಬಂದು ಮಾಡಿತು. ಪ್ರತಿ ಸಲ ಅದು ಹಲಗೆ ಹತ್ತುವಾಗ ನಾನು ಕೆಲಸ ಬಿಟ್ಟು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಚ್ಚಿಗೆ ಏನೂ ಆಗಲಿಲ್ಲ.

ಅರವತ್ತರ ದಶಕದ ಕೊನೆಗೆ ಕುಮಟೆಯಲ್ಲೊಂದು ಮದುವೆಗೆ ಹೋಗಿದ್ದೆ. ಉಂಡು ಹೊರಡುವವರಿಗೆ ಬಾಗಿಲಲ್ಲಿ ತೆಂಗಿನಕಾಯಿ ಕೊಡುತ್ತಿದ್ದವರು ಹೆಗಡೆ ಡಾಕ್ಟರು, ಮದುಮಗಳ ಸೋದರಮಾವ. ದೂರದಿಂದ ಕಂಡು ಬೇರೆ ಬಾಗಿಲು ಹುಡುಕಿದೆ. ಇರಲಿಲ್ಲ. ಸಾಲು ನನ್ನನ್ನು ಮುಂದೆ ತಳ್ಳಿತು. ಪಂಚೆಯ ಮೇಲೆ ಶಲ್ಯ ಹೊದ್ದು ಬಲಗೈ ಮುಚ್ಚಿಕೊಂಡಿದ್ದರು. ಒಬ್ಬೊಬ್ಬರಿಗೂ ಎಡಗೈಯಲ್ಲಿ ಕಾಯಿ ಕೊಡುತ್ತ ಅದೇ ಮಾತು ಹೇಳುತ್ತಿದ್ದರು: "ಎಡಗೈ, ತಪ್ಪು ತಿಳ್ಕಳ್ಬೇಡಿ." ನನ್ನ ಮುಂದಿನವರಿಗೆ ಹೇಳಿದರು. ನನ್ನ ಹಿಂದಿನವರಿಗೂ ಹೇಳಿದ್ದು ಕೇಳಿಸಿತು.

ನನಗೆ ಹೇಳಲಿಲ್ಲ. ಮುಖ ನೋಡಿದರು, ಗುರುತಿಸಿದರು, ಸುಮ್ಮನೆ ಕಾಯಿ ಚಾಚಿದರು. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ.